ಇನ್ನೊಂದು ತುದಿ

ಪಗಡಿ ಸುತ್ತುವ ಮೊದಲು ಬಟ್ಟೆಯನ್ನು
ಜಗ್ಗಿ ಮಡಿಸಬೇಕು. ಅದಕ್ಕೆ ಇಬ್ಬರು ಬೇಕು.
ಆರು ಗಜ. ಒಂದು ತುದಿ ಸುತ್ತುವವರದು,
ಇನ್ನೊಂದು ಯಾರು ಎದ್ದಿದ್ದಾರೋ ಅವರದು.
ಅಪ್ಪನನ್ನು ನಾನು ಬಲ್ಲದ್ದು
ಆ ಇನ್ನೊಂದು ತುದಿಯಿಂದ, ಅಷ್ಟೇ ದೂರದಿಂದ.

ನಾನು ಹುಟ್ಟುವ ಮೊದಲು ಅದನ್ನು ಹಿಡಿದವನು
ಏರ್ಕಿ, ಫಿನ್ಲೆಂಡಿನವನು,
ಸ್ಕೀನಾ ದಂಡೆಯ ಗರಗಸದ ಮಿಲ್ಲಿನಲ್ಲಿ
ರಾತ್ರಿಪಾಳಿಯ ಜೊತೆಗಾರ.
ಒಂದು ಕೋಣೆ, ಒಂದು ಒಲೆ, ಎರಡು ಭಾಷೆ,
ಇಬ್ಬರಿಗೂ ಸರಿಯಾಗಿ ಬಾರದ ಮೂರನೆಯದು.
ಗರಗಸ ಅವನ ಬಲಗೈಯ ಎರಡು ಬೆರಳು ತಿಂದಿತ್ತು.
ಉಳಿದ ಮೂರರಲ್ಲೇ ಬಿಗಿಹಿಡಿದು
"ಜಗ್ಗು ಉಜಾಗರ್, ನಾನು ಬೀಳೋನಲ್ಲ" ಅನ್ನುತ್ತಿದ್ದನಂತೆ.

ಆಮೇಲೆ ಬಂದವಳು ಅಮ್ಮ, ಚನನ್ ಕೌರ್.
ಮೊದಲ ಚಳಿಗಾಲ, ಒಗೆದ ಪಗಡಿಯನ್ನು
ಹೊರಗೆ ತಂತಿಗೆ ಹರವಿದಳು. ಸಂಜೆ ಹೋದರೆ ಅದು ಹಲಗೆ.
ಬಗಲಲ್ಲಿ ಹೊತ್ತು ತಂದು ಗೋಡೆಗೆ ಒರಗಿಸಿದಳು.
ಅಪ್ಪ ಅಳತೆಪಟ್ಟಿ ಹಿಡಿದು, ಬಾಗಿ ನೋಡಿ,
ಮೇಸ್ತ್ರಿಯ ಮುಖ ಮಾಡಿ ಹೇಳಿದ:
"ಎರಡನೇ ದರ್ಜೆ. ಗಂಟುಗಳಿವೆ."

ಮಿಲ್ಲಿನವರ ಬೀದಿಗೆ ದೀಪವಿರಲಿಲ್ಲ.
ಪಾಳಿ ಮುಗಿಸಿ ಬರುವವರು
ಹಿಮದಲ್ಲಿ ತಮ್ಮದೇ ಹಳೆಯ ಹೆಜ್ಜೆ ತಡವುತ್ತ ಬರಬೇಕು.
ಅರ್ಜಿ ಕೊಟ್ಟ. ಬೇರೆ ನಮೂನೆಯಲ್ಲಿ ಕೊಡಿ ಅಂದರು.
ಕೊಟ್ಟ. ಮುಂದಿನ ವರ್ಷ ನೋಡೋಣ ಅಂದರು.
ನೋಡಿ ನೋಡಿ ಸಾಕಾಗಿ ತಾನೇ ನಿಂತ.

ಮೊದಲ ಸಲ ಬಂದದ್ದು ನೂರಾ ನಾಲ್ಕು ವೋಟು.
ನೂರಾ ನಾಲ್ಕು ಮನೆಗೂ ಲಡ್ಡು ಕೊಡಬೇಕೆಂದು ಅಮ್ಮ ಹೊರಟಳು.
ಗುಪ್ತ ಮತದಾನ, ಯಾರು ಹಾಕಿದ್ದೆಂದು ತಿಳಿಯುವುದಿಲ್ಲ ಅಂದೆವು.
ಹಾಗಾದರೆ ಎಲ್ಲರಿಗೂ, ಅಂದಳು.
ಹಾಕದವರೂ ತಿಂದರು; ಎರಡೆರಡು ಕೇಳಿ ತಿಂದರು.

ಎರಡನೇ ಸಲ ಕಿಟಕಿಗೆ ಕಲ್ಲು.
ಆ ಕಲ್ಲು ಈಗಲೂ ಇದೆ,
ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ.

ಮೂರನೇ ಸಲ, ಹನ್ನೊಂದು ವೋಟಿನಿಂದ, ಗೆದ್ದ.

ಆಗ ನನಗೆ ಏಳು. ತುದಿ ನನ್ನದಾಗಿತ್ತು.
ಮಡಿಸುತ್ತಲೇ ಭಾಷಣ: "ಮಾನ್ಯ ಅಧ್ಯಕ್ಷರೇ..."
ಒತ್ತಿ ಹೇಳಬೇಕಾದಲ್ಲಿ ಬಟ್ಟೆ ಜಗ್ಗುತ್ತಿತ್ತು,
ನಾನು ಮುಗ್ಗರಿಸುತ್ತಿದ್ದೆ.
ಯಾವ ವಾಕ್ಯ ಸತ್ಯ, ಯಾವುದು ಸಭೆಗೆಂದು
ನನ್ನ ಮಣಿಕಟ್ಟಿಗೆ ತಿಳಿಯುತ್ತಿತ್ತು.
ಹದಿನಾಲ್ಕು ದೀಪ ಬಂದವು.

ಆಮೇಲೆ ಪ್ರಾಂತ್ಯದ ಶಾಸನಸಭೆ, ವಿಕ್ಟೋರಿಯಾ,
ಹೋಟೆಲಿನ ಕೋಣೆ. ಅಲ್ಲಿ ತುದಿ ಹಿಡಿದದ್ದು
ಬಾಗಿಲ ಹಿಡಿಕೆ. ಹಿತ್ತಾಳೆಯದು, ಒಳ್ಳೆಯದು,
ಮುಗ್ಗರಿಸುವುದಿಲ್ಲ, ಯಾಕೆಂದು ಕೇಳುವುದಿಲ್ಲ.
ಅಲ್ಲಿದ್ದಾಗಲೇ ಒಂದು ಮಂಗಳವಾರ
ದಿಮ್ಮಿಗಳನ್ನು ಕುಯ್ಯದೆ ಹಾಗೆಯೇ
ಹಡಗಿಗೆ ಹೇರಬಹುದೆಂಬ ಮಸೂದೆಗೆ
ಪಕ್ಷ ಕೈ ಎತ್ತು ಅಂದಿತು. ಎತ್ತಿದ.

ಮೂರು ವರ್ಷಕ್ಕೆ ಮಿಲ್ಲು ನಿಂತಿತು.
ಆ ಹದಿನಾಲ್ಕು ದೀಪದ ಬೆಳಕಲ್ಲಿ
ಜನ ಸಾಮಾನು ಟ್ರಕ್ಕಿಗೆ ತುಂಬಿದರು.
ಏರ್ಕಿ ಬಂದ, ಕುರ್ಚಿಯ ಅಂಚಿನಲ್ಲಿ ಕೂತ.
ಚಹಾದ ಮೇಲೆ ಕೆನೆ ಕಟ್ಟಿತು.
ಹೋಗುವಾಗ ಅಮ್ಮನಿಗೆ ಮಾತ್ರ ತಲೆಬಾಗಿದ.

ಮುಂದಿನ ಚುನಾವಣೆಯ ಲೆಕ್ಕ ಬೇಡ.

ಒಮ್ಮೆ, ಎಷ್ಟೋ ವರ್ಷದ ಮೇಲೆ, ಮಡಿಸುತ್ತ ಅಂದ:
"ಅವತ್ತು ಆ ತುದಿಯಲ್ಲಿ ನೀನಿದ್ದಿದ್ದರೆ..."
"ಅದು ನೆಪ ಅಪ್ಪ," ಅಂದೆ.
"ಹೌದು," ಅಂದ.

ಇವತ್ತು ಬೆಳಿಗ್ಗೆ ಫೋನು. ಏರ್ಕಿ ಹೋದ.
ಕರೆದದ್ದಲ್ಲ, ತಿಳಿಸಿದ್ದು.
ಹೋಗುವುದು ಸರಿಯೇ ಎಂದು ನಾನು ಯೋಚಿಸುವಷ್ಟರಲ್ಲಿ
ಎಂಬತ್ತೊಂದರ ಅಪ್ಪ ಕನ್ನಡಿಯ ಮುಂದಿದ್ದ.
"ಕಪ್ಪು ಬೇಡ. ಮರದ ಹೊಟ್ಟಿನ ಬಣ್ಣದ್ದು ತಾ."
ನಡುಮನೆಯ ಉದ್ದಕ್ಕೂ ಬಟ್ಟೆ ಹರಿದು ನಿಂತಿತು.
ಆಚೆ ಅವನು, ಕೈ ನಡುಗುತ್ತಿತ್ತು,
ಎರಡು ಬೆರಳು ಒಳಗೆ ಮಡಿಚಿಕೊಂಡು
ಮೂರರಲ್ಲಿ ಹಿಡಿದಿದ್ದ.

"ಜಗ್ಗು," ಅಂದ.